ಬೋರು ಕೊರೆಸುವ ಧೈರ್ಯ ಸಂಶೋಧನೆಗೆ ಯಾಕಿಲ್ಲ?

2017ರ ಬೇಸಿಗೆ. ನಾನಾಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಸಿರಿಗೆರೆ ಹತ್ತಿರದ ನಮ್ಮೂರಿನ ತೋಟದಲ್ಲಿ ಅಡಿಕೆ ಮರಗಳು ಒಂದೊಂದಾಗಿ ಒಣಗುತ್ತಿದ್ದವು. ಟ್ಯಾಂಕರ್ ನೀರು ಹೊಡೆಸಿ ಸುಸ್ತಾಗಿದ್ದ ಅಪ್ಪ ಬೋರು ಕೊರೆಸಲು ನಿಂತರು. ಮೊದಲನೆಯದಕ್ಕೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರು ಬಂದರು. ಆರುನೂರು ಅಡಿ ಇಳಿದರೂ ಬರೀ ಬಿಳಿ ಧೂಳು. ಎರಡನೆಯದಕ್ಕೆ ಮೀಟರ್ ಇಟ್ಟು ನೋಡುವವರನ್ನು ಕರೆಸಿದರು. ಅದೂ ಧೂಳು. ಮೂರನೆಯದಕ್ಕೆ ಕೈಸಾಲ ಮಾಡಿದರು. ಅದೂ ಫೇಲ್. ಒಂದೊಂದು ಬೋರಿಗೂ ಲಕ್ಷದ ಆಸುಪಾಸು ಖರ್ಚು.

ನಾಲ್ಕನೇ ಬಾರಿ ಬೋರ್ ಲಾರಿ ತೋಟದೊಳಗೆ ಬರುವಾಗ ನಾನು ಹೆದರಿಕೆಯಿಂದಲೇ ಕೇಳಿದ್ದೆ, ‘ಅಪ್ಪಾ, ಇದ್ರಲ್ಲೂ ನೀರು ಬರದಿದ್ರೆ?’ ಅವರು ಲಾರಿಯ ಕಡೆಯೇ ನೋಡುತ್ತಾ, ‘ಬರದಿದ್ರೆ ಎಲ್ಲಿ ಬರಲ್ಲ ಅನ್ನೋದಾದ್ರೂ ಗೊತ್ತಾಗುತ್ತಲ್ಲ’ ಎಂದರು. ಆ ಸಲ ಒಂದೂವರೆ ಇಂಚು ನೀರು ಬಿತ್ತು. ತೋಟ ಅರ್ಧ ಉಳಿಯಿತು. ಸಾಲ ತೀರಲು ಐದು ವರ್ಷ ಬೇಕಾಯಿತು.

ಈ ಕಥೆ ನಮ್ಮ ಚಿತ್ರದುರ್ಗ ಜಿಲ್ಲೆಯ ಯಾರಿಗೂ ಹೊಸದಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ತಾಲ್ಲೂಕಿನ ಹಳ್ಳಿಗೆ ಹೋದರೂ ಇಂಥ ಹತ್ತು ಕಥೆ ಸಿಗುತ್ತವೆ. ನಾನು ಇದನ್ನು ಹೇಳುತ್ತಿರುವುದು ನೀರಿನ ಬಗ್ಗೆ ಬರೆಯಲಿಕ್ಕಲ್ಲ, ಸಂಶೋಧನೆಯ ಬಗ್ಗೆ ಬರೆಯಲಿಕ್ಕೆ. ಫಲ ಸಿಕ್ಕೇ ಸಿಗುತ್ತದೆಂಬ ಖಾತ್ರಿ ಇಲ್ಲದ ಕಡೆ ದುಡ್ಡು ಹಾಕುವುದು ಹೇಗೆಂದು ನಮ್ಮ ರೈತರಿಗೆ ಗೊತ್ತು. ಸಂಶೋಧನೆಗೆ ಅನುದಾನ ಕೊಡುವ ನಮ್ಮ ವ್ಯವಸ್ಥೆ ಅದನ್ನು ಇನ್ನೂ ಸರಿಯಾಗಿ ಕಲಿತಿಲ್ಲ ಎಂಬುದು ನನ್ನ ದೂರು.

<b>ಒಂದು ಪ್ರಶ್ನೆ ಹುಟ್ಟಿದ್ದು</b>

ಮೂರು ಬೋರು ಫೇಲಾದ ಆ ಬೇಸಿಗೆಯಲ್ಲಿ ಅಜ್ಜ ಒಂದೇ ಮಾತು ಹೇಳುತ್ತಿದ್ದರು: ‘ಮೇಗಳ ಕೆರೆ ನೆಟ್ಟಗಿದ್ದಾಗ ಬಾವಿ ಬತ್ತಿದ್ದನ್ನ ನಾ ಕಂಡಿಲ್ಲ.’ ನಾನು ಓದಿದ್ದು ಭೂವಿಜ್ಞಾನ. ಅಜ್ಜನ ಮಾತು ನಿಜವೋ ಸುಳ್ಳೋ ಎಂದು ಪರೀಕ್ಷಿಸಬಹುದಲ್ಲ ಅನ್ನಿಸಿತು. ಎಂ.ಎಸ್ಸಿ. ಓದುವಾಗ ಗೆಳತಿಯರ ಜೊತೆ ಚಂದ್ರವಳ್ಳಿಗೆ ಹೋಗಿದ್ದೆ. ಅಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1929ರಲ್ಲಿ ಅದನ್ನು ಬೆಳಕಿಗೆ ತಂದರು. ರಾಜ ಯಾರನ್ನೆಲ್ಲ ಗೆದ್ದ ಎಂಬ ಪಟ್ಟಿ ಅದರಲ್ಲಿದೆ. ಆದರೆ ಆ ಶಾಸನ ಹುಟ್ಟಿದ್ದೇ ಒಂದು ಕೆರೆಯ ಕೆಲಸವನ್ನು ದಾಖಲಿಸಲು. ಹದಿನಾರು ಶತಮಾನಗಳಿಗೂ ಹಿಂದೆ ನಮ್ಮ ಜಿಲ್ಲೆಯಲ್ಲಿ ಕೆರೆಯೊಂದರ ಕೆಲಸವನ್ನು ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ!

ಬಿ.ಎಲ್. ರೈಸ್ ಅವರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಪೂರ್ತಿ ನಮ್ಮ ಜಿಲ್ಲೆಯ ಶಾಸನಗಳದ್ದು. ಅದನ್ನು ತಿರುವಿ ಹಾಕಿದರೆ ಕೆರೆ, ತೂಬು, ಕೋಡಿ, ಗದ್ದೆಯ ದಾನ ಇವು ಮತ್ತೆ ಮತ್ತೆ ಬರುತ್ತವೆ. ನನ್ನ ಯೋಚನೆ ಇಷ್ಟೇ. ಶಾಸನಗಳು ಹೇಳುವ ಹಳೆಯ ಕೆರೆಗಳನ್ನು ಗುರುತಿಸುವುದು. ಉಪಗ್ರಹ ಚಿತ್ರಗಳಲ್ಲಿ ಅವುಗಳ ಏರಿ, ಕಾಲುವೆ, ಒಂದು ಕೆರೆಯ ಕೋಡಿ ನೀರು ಇನ್ನೊಂದಕ್ಕೆ ಹೋಗುತ್ತಿದ್ದ ದಾರಿ ಹುಡುಕುವುದು. ಆಮೇಲೆ ಆ ಕೆರೆಗಳ ಕೆಳಗಿನ ಹೊಲಗಳ ಬೋರುಗಳು ಉಳಿದ ಬೋರುಗಳಿಗಿಂತ ಹೆಚ್ಚು ವರ್ಷ ಬದುಕಿವೆಯೇ ಎಂದು ಊರೂರು ತಿರುಗಿ ಲೆಕ್ಕ ಹಾಕುವುದು.

ಇದರಲ್ಲಿ ಅಪಾಯವಿತ್ತು ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಶಾಸನದಲ್ಲಿ ಬರುವ ಕೆರೆಗಳ ಹೆಸರು ಬದಲಾಗಿರುತ್ತವೆ. ಎಷ್ಟೋ ಊರುಗಳು ಬೇಚರಾಕ್ ಆಗಿ ಹೋಗಿವೆ. ಒಡೆದ ಕೆರೆಯಂಗಳದಲ್ಲಿ ಈಗ ಮೆಕ್ಕೆಜೋಳ ಬೆಳೆಯುತ್ತಿದೆ. ಎಲ್ಲ ಸಿಕ್ಕರೂ, ಬೋರಿನ ನೀರಿಗೂ ಕೆರೆಗೂ ಸಂಬಂಧವೇ ಇಲ್ಲ, ಎಲ್ಲ ಬಂಡೆಯ ಬಿರುಕಿನ ಆಟ ಎಂದು ಕೊನೆಗೆ ಗೊತ್ತಾಗಬಹುದು. ಅಂದರೆ ಅಜ್ಜನ ಮಾತು ಸುಳ್ಳಾಗಬಹುದು. ಆದರೆ ಸುಳ್ಳೆಂದು ಗೊತ್ತಾಗುವುದೂ ಉಪಯೋಗದ ವಿಷಯವೇ. ತುಂಗಭದ್ರೆಯ ನೀರನ್ನು ಏತ ನೀರಾವರಿಯಿಂದ ಭರಮಸಾಗರದಂಥ ಕೆರೆಗಳಿಗೆ ತುಂಬಿಸುತ್ತಿರುವ ಈ ಕಾಲದಲ್ಲಿ, ಯಾವ ಕೆರೆ ತುಂಬಿದರೆ ಯಾರ ಬೋರಿಗೆ ನೀರು ಬರುತ್ತದೆ ಎಂಬುದು ನೂರಾರು ಹಳ್ಳಿಗಳ ಪ್ರಶ್ನೆ.

<b>‘ಇದು ನಮ್ಮ ಸಬ್ಜೆಕ್ಟ್ ಅಲ್ಲಮ್ಮ’</b>

ಪಿಎಚ್.ಡಿ.ಗೆ ಸೇರುವಾಗ ಈ ವಿಷಯ ಹಿಡಿದುಕೊಂಡು ಹೋದೆ. ಭೂವಿಜ್ಞಾನದ ಹಿರಿಯರೊಬ್ಬರು ಪೂರ್ತಿ ಓದಿ, ‘ಚೆನ್ನಾಗಿದೆ. ಆದ್ರೆ ಶಾಸನ ಇಟ್ಕೊಂಡು ನಾವೇನು ಮಾಡೋದು? ಇದು ನಮ್ಮ ಸಬ್ಜೆಕ್ಟ್ ಅಲ್ಲಮ್ಮ, ಹಿಸ್ಟರಿಯವರನ್ನ ಕೇಳು’ ಎಂದರು. ಇತಿಹಾಸದವರ ಬಳಿ ಹೋದೆ. ‘ನಿನಗೆ ಹಳಗನ್ನಡ ಲಿಪಿ ಓದೋಕೆ ಬರುತ್ತಾ? ಬೋರ್‌ವೆಲ್ ಲೆಕ್ಕ ಎಲ್ಲ ನಮಗ್ಯಾಕೆ?’ ಎಂದರು. ಇಬ್ಬರ ಮಾತಿನಲ್ಲೂ ಕೆಟ್ಟತನವಿರಲಿಲ್ಲ. ತಮಗೆ ಗೊತ್ತಿಲ್ಲದ ವಿಷಯಕ್ಕೆ ಸಹಿ ಹಾಕಲು ಇಬ್ಬರೂ ಹಿಂಜರಿದರು, ಅಷ್ಟೆ.

ಒಂದು ಸಣ್ಣ ಅನುದಾನಕ್ಕೂ ಅರ್ಜಿ ಹಾಕಿದೆ. ಉಪಗ್ರಹ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಹಾಗಾಗಿ ನಾನು ಕೇಳಿದ್ದು ಓಡಾಟಕ್ಕೆ, ನೀರಿನ ಮಟ್ಟ ಅಳೆಯುವ ಉಪಕರಣಕ್ಕೆ, ಲಿಪಿ ಬಲ್ಲ ಒಬ್ಬ ಸಹಾಯಕರಿಗೆ ಸೇರಿ ಒಟ್ಟು ಮೂರು ಲಕ್ಷ. ಅಪ್ಪನ ಮೂರು ಫೇಲ್ ಬೋರಿನ ಮೊತ್ತ! ಅರ್ಜಿಯ ಮೊದಲ ಪುಟದಲ್ಲೇ ‘ವಿಷಯ: ಒಂದನ್ನು ಮಾತ್ರ ಆರಿಸಿ’ ಎಂದಿತ್ತು. ನಾಲ್ಕನೇ ಪುಟದಲ್ಲಿ ‘ನಿರೀಕ್ಷಿತ ಫಲಿತಾಂಶಗಳನ್ನು ಸಂಖ್ಯೆಯಲ್ಲಿ ನೀಡಿ’ ಎಂದಿತ್ತು. ಏನು ಸಿಗುತ್ತದೆಂದು ಮೊದಲೇ ಗೊತ್ತಿದ್ದರೆ ಅದಕ್ಕೆ ಸಂಶೋಧನೆ ಯಾಕೆ ಬೇಕು? ಆದರೂ ಏನೋ ಒಂದು ಸಂಖ್ಯೆ ತುಂಬಿದೆ. ಅರ್ಜಿ ತಿರಸ್ಕೃತವಾಯಿತು. ಕಾರಣ ಒಂದೇ ಸಾಲು: ವ್ಯಾಪ್ತಿ ಸ್ಪಷ್ಟವಿಲ್ಲ.

ಕೊನೆಗೆ ಒಂದು ತಾಲ್ಲೂಕಿನ ಕುಡಿಯುವ ನೀರಿನ ಫ್ಲೋರೈಡ್ ಪ್ರಮಾಣದ ಮೇಲೆ ಪಿಎಚ್.ಡಿ. ಮಾಡಿದೆ. ಅದು ಕೆಲಸಕ್ಕೆ ಬಾರದ ವಿಷಯ ಎನ್ನುತ್ತಿಲ್ಲ. ನಮ್ಮ ಕಡೆ ಹಲ್ಲು ಹಳದಿಯಾದ ಮಕ್ಕಳನ್ನು ನೋಡಿದವರಿಗೆ ಅದರ ಗಂಭೀರತೆ ಗೊತ್ತು. ಆದರೆ ಅದರ ಉತ್ತರ ಮೊದಲ ದಿನವೇ ಹೆಚ್ಚುಕಡಿಮೆ ಗೊತ್ತಿತ್ತು. ಅದಕ್ಕೇ ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಈ ವರ್ಷ ಪ್ರಬಂಧ ಸಲ್ಲಿಸಿ, ಈಗ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಕೆರೆಯ ಪ್ರಶ್ನೆ ಒಂದು ನೋಟ್‌ಬುಕ್ಕಿನಲ್ಲಿ ಉಳಿದಿದೆ.

<b>ನನ್ನೊಬ್ಬಳ ಕಥೆಯಲ್ಲ</b>

ನನ್ನ ಅರ್ಜಿಯಲ್ಲೇ ದೋಷವಿರಬಹುದು ಎಂದು ತುಂಬ ದಿನ ಅಂದುಕೊಂಡಿದ್ದೆ. ಇರಲೂಬಹುದು. ಆದರೆ 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಓದಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಆಸ್ಟ್ರೇಲಿಯಾದ ಸಂಶೋಧಕರು ಅಲ್ಲಿನ ಸಂಶೋಧನಾ ಮಂಡಳಿಗೆ ಐದು ವರ್ಷಗಳಲ್ಲಿ ಬಂದ 18,000ಕ್ಕೂ ಹೆಚ್ಚು ಅರ್ಜಿಗಳನ್ನು ಪರಿಶೀಲಿಸಿದ್ದರು. ಒಂದು ಯೋಜನೆಯೊಳಗೆ ಸೇರಿದ ವಿಷಯಗಳು ಒಂದಕ್ಕೊಂದು ಎಷ್ಟು ದೂರವೋ, ಹಣ ಸಿಗುವ ಸಾಧ್ಯತೆ ಅಷ್ಟು ಕಡಿಮೆ ಎಂದು ಅವರಿಗೆ ಕಂಡುಬಂತು. ಎಲ್ಲ ದೇಶಗಳೂ ‘ವಿಷಯಗಳ ಗೋಡೆ ಒಡೆಯಿರಿ’ ಎಂದು ಭಾಷಣ ಮಾಡುತ್ತವೆ. ಗೋಡೆ ಒಡೆಯಲು ಹೋದವರ ಅರ್ಜಿಯೇ ಮೊದಲು ಹಿಂದಕ್ಕೆ ಬರುತ್ತದೆ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಒಂದು ಅರ್ಜಿಯನ್ನು ಭೂವಿಜ್ಞಾನಿ ನೋಡಿದರೆ ಅವರಿಗೆ ಇತಿಹಾಸದ ಭಾಗ ತಿಳಿಯದು. ಇತಿಹಾಸಕಾರರು ನೋಡಿದರೆ ನೀರಿನ ಲೆಕ್ಕ ತಿಳಿಯದು. ಇಬ್ಬರೂ ತಮಗೆ ಗೊತ್ತಿರುವ ಅರ್ಧದಲ್ಲಿ ಕೊರತೆ ಹುಡುಕಿ ಅಂಕ ಕಡಿಮೆ ಮಾಡುತ್ತಾರೆ. ಎರಡು ಅರ್ಧಗಳು ಸೇರಿದರೆ ಏನಾಗುತ್ತದೆ ಎಂದು ನೋಡುವುದು ಯಾರ ಕೆಲಸವೂ ಆಗಿರುವುದಿಲ್ಲ. ಅರ್ಜಿದಾರರು ಹೊಸಬರಾಗಿದ್ದರಂತೂ ಮುಗಿಯಿತು. ಹೆಸರು ಮಾಡಿದ ಪ್ರೊಫೆಸರ್ ಹೊಸ ದಾರಿ ಹಿಡಿದರೆ ‘ಏನೋ ಇರಬೇಕು’ ಅನ್ನುತ್ತಾರೆ. ಇಪ್ಪತ್ತೇಳರ ಹುಡುಗಿ ಅದನ್ನೇ ಹೇಳಿದರೆ ‘ವ್ಯಾಪ್ತಿ ಸ್ಪಷ್ಟವಿಲ್ಲ’.

<b>ಗೋಡೆ ದಾಟಿದವರು ನಮ್ಮಲ್ಲೇ ಇದ್ದಾರೆ</b>

ಹಾಗೆಂದು ಇಂಥ ಕೆಲಸ ನಮ್ಮ ನಾಡಿನಲ್ಲಿ ನಡೆದೇ ಇಲ್ಲವೇ? ನಡೆದಿದೆ. ನಿಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಹೊಗೆಕೊಳವೆ ಇರುವ ‘ಅಸ್ತ್ರ ಒಲೆ’ ಇದ್ದಿದ್ದರೆ ಅದೇ ಸಾಕ್ಷಿ. ಪ್ರೊ. ಎ.ಕೆ.ಎನ್. ರೆಡ್ಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ರಸಾಯನ ವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. ಅವರು ಸಹ ಲೇಖಕರಾಗಿ ಬರೆದ ಪಠ್ಯಪುಸ್ತಕವನ್ನು ಜಗತ್ತಿನಾದ್ಯಂತ ವಿದ್ಯಾರ್ಥಿಗಳು ಓದಿದ್ದಾರೆ. ಅಂಥವರು 1974ರಲ್ಲಿ ಹಳ್ಳಿಗಳಿಗಾಗಿ ವಿಜ್ಞಾನ, ತಂತ್ರಜ್ಞಾನ ಎಂದು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಶಾಖೆ ತೆರೆದರು. ಅಲ್ಲಿ ಇಂಜಿನಿಯರುಗಳು ಒಲೆಯ ಮುಂದೆ ಕೂತು ಹೊಗೆ ಅಳೆದರು, ಹೆಂಗಸರು ದಿನಕ್ಕೆ ಎಷ್ಟು ದೂರ ಸೌದೆ ಹೊರುತ್ತಾರೆಂದು ಲೆಕ್ಕ ಹಾಕಿದರು, ಮಣ್ಣಿನ ಇಟ್ಟಿಗೆಯ ಬಲ ಪರೀಕ್ಷಿಸಿದರು. ಒಲೆ ಯಾವ ವಿಭಾಗದ ವಿಷಯ? ಭೌತಶಾಸ್ತ್ರವೋ, ಗೃಹವಿಜ್ಞಾನವೋ, ಅರ್ಥಶಾಸ್ತ್ರವೋ? ಎಲ್ಲವೂ ಹೌದು. ಆದರೆ ಗಮನಿಸಿ, ಆ ಹೆಜ್ಜೆ ಇಡುವಾಗ ರೆಡ್ಡಿಯವರು ಆಗಲೇ ಪ್ರೊಫೆಸರ್ ಆಗಿದ್ದರು. ಸಂಬಳ ನಿಲ್ಲುವ ಭಯ ಇರಲಿಲ್ಲ.

ನಮ್ಮ ಸಿರಿಗೆರೆಯಲ್ಲೇ ಇನ್ನೊಂದು ಉದಾಹರಣೆ ಇದೆ. ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಸಂಸ್ಕೃತ ವಿದ್ವಾಂಸರು. ಪಾಣಿನಿಯ ವ್ಯಾಕರಣದ ಸುಮಾರು 4,000 ಸೂತ್ರಗಳನ್ನು ಕಂಪ್ಯೂಟರಿಗೆ ಅಳವಡಿಸಿ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶ ರೂಪಿಸಿದರು. ಹಳ್ಳಿಯೊಂದರಲ್ಲಿ ವ್ಯಾಕರಣ ಮತ್ತು ಕಂಪ್ಯೂಟರ್ ಹೀಗೆ ಒಂದೇ ಮೇಜಿಗೆ ಬಂದವು. ಆದರೆ ಅವರ ಬೆನ್ನಿಗೆ ಒಂದು ಮಠವಿತ್ತು.

ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನ ಕಲ್ಲುಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಇಂಜಿನಿಯರಿಂಗ್ ಹಿನ್ನೆಲೆಯ ಪಿ.ಎಲ್. ಉದಯಕುಮಾರ್ ಮತ್ತು ಅವರ ಗೆಳೆಯರು ಮೊದಲು ತಮ್ಮ ಆಸಕ್ತಿಯಿಂದಲೇ ಬೆಂಗಳೂರಿನ ಶಾಸನಗಳನ್ನು ಹುಡುಕಿ ಉಳಿಸಲು ಹೊರಟವರು. ಹೆಬ್ಬಾಳದಲ್ಲಿ ಸಿಕ್ಕ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಆ ಕೆಲಸಕ್ಕೆ ಹೆಸರು ತಂದಿತು. ಸವೆದು ಕಣ್ಣಿಗೆ ಕಾಣದ ಅಕ್ಷರಗಳು ಸ್ಕ್ಯಾನರಿನಲ್ಲಿ ಕಾಣುತ್ತವೆ. ಇತಿಹಾಸಕ್ಕೆ ಇಂಜಿನಿಯರ್ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಮೂರೂ ಉದಾಹರಣೆಗಳಲ್ಲಿ ಒಂದು ಸಾಮಾನ್ಯ ಅಂಶವಿದೆ. ಹುದ್ದೆ, ಸಂಸ್ಥೆ, ಇಲ್ಲವೇ ಬೇರೆ ಬದುಕು, ಯಾವುದೋ ಒಂದು ಆಸರೆ ಅವರಿಗಿತ್ತು. ಸೋತರೆ ಮನೆಯ ಒಲೆ ಆರುತ್ತಿರಲಿಲ್ಲ. ನಮ್ಮಂಥವರಿಗೆ ಅಪ್ಪನ ಸಾಲದ ಪಾಸ್‌ಬುಕ್ ಮಾತ್ರ ಇದೆ. ಆಸರೆ ಇಲ್ಲದವರು ಏನು ಪಡಬೇಕಾಗುತ್ತದೆ ಎಂಬುದಕ್ಕೆ ಕತಾಲಿನ್ ಕಾರಿಕೊ ಅವರೇ ಸಾಕು. ಎಂ-ಆರ್‌ಎನ್‌ಎ ಮೇಲೆ ಕೆಲಸ ಮಾಡುತ್ತಿದ್ದ ಅವರಿಗೆ ಅಮೆರಿಕದಲ್ಲಿ ಅನುದಾನಗಳು ಸಿಗಲಿಲ್ಲ. 1995ರಲ್ಲಿ ವಿಶ್ವವಿದ್ಯಾಲಯ ಅವರನ್ನು ಕೆಳಗಿನ ಹುದ್ದೆಗೆ ಇಳಿಸಿತು. ಅವರು ಡ್ರೂ ವೈಸ್‌ಮನ್ ಜೊತೆ 2005ರಲ್ಲಿ ಪ್ರಕಟಿಸಿದ ಸಂಶೋಧನೆಯೇ ಮುಂದೆ ಕೋವಿಡ್ ಲಸಿಕೆಗೆ ದಾರಿಯಾಯಿತು. 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಎಲ್ಲರೂ ಇದನ್ನು ಛಲದ ಕಥೆಯಾಗಿ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಅವರಂತೆ ಹಿಡಿದ ಪಟ್ಟು ಬಿಡದೆ ನಿಲ್ಲಲು ಆಗದೆ ಕೈಬಿಟ್ಟವರು ಎಷ್ಟು ಜನ, ಅವರ ನೋಟ್‌ಬುಕ್ಕುಗಳಲ್ಲಿ ಏನಿತ್ತು ಎಂದು ಯೋಚಿಸುತ್ತೇನೆ.

<b>ದುಡ್ಡು ಇದೆ, ಬಾಗಿಲು ಕಿರಿದು</b>

ನ್ಯಾಯವಾಗಿ ಹೇಳಬೇಕೆಂದರೆ ಇತ್ತೀಚೆಗೆ ಕೆಲವು ಬದಲಾವಣೆ ಆಗಿವೆ. 2023ರ ಕಾಯ್ದೆಯಡಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಯ ಗುರಿ ಅದಕ್ಕಿದೆ. ಅದರ ಬಹುಪಾಲು ಖಾಸಗಿ ಮೂಲಗಳಿಂದ ಬರಬೇಕು. ಈ ಪ್ರತಿಷ್ಠಾನ ಹೊಸ ಸಂಶೋಧಕರಿಗೆಂದೇ ಪ್ರಧಾನಮಂತ್ರಿ ಹೆಸರಿನ ಒಂದು ಅನುದಾನ ಆರಂಭಿಸಿದೆ. ಮೂರು ವರ್ಷಕ್ಕೆ 60 ಲಕ್ಷದವರೆಗೆ ಸಿಗುತ್ತದೆ. ಇದಕ್ಕೂ ಮೊದಲು, ಹಳೆಯ ಸೆರ್ಬ್ ಇದ್ದಾಗ, ಹೊಸ ಊಹೆಗಳಿಗಾಗಿ ‘ಸುಪ್ರಾ’ ಎಂಬ ಯೋಜನೆ ಇತ್ತು. ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್‌ನಲ್ಲಿ ಐದು ವರ್ಷ ತಿಂಗಳಿಗೆ 1,25,000 ರೂಪಾಯಿ, ಜೊತೆಗೆ ವರ್ಷಕ್ಕೆ 7 ಲಕ್ಷ ಸಂಶೋಧನಾ ವೆಚ್ಚ ಸಿಗುತ್ತದೆ. ನಮ್ಮ ರಾಜ್ಯದಲ್ಲೂ ವಿಷನ್ ಗ್ರೂಪ್ ಮೂಲಕ ಯುವ ವಿಜ್ಞಾನಿಗಳಿಗೆ ಬೀಜಧನ ಕೊಡುವ ಯೋಜನೆ ಬಂದಿದೆ.

ಆದರೆ ಪ್ರಧಾನಮಂತ್ರಿ ಹೆಸರಿನ ಅನುದಾನದ ಷರತ್ತು ಓದಿ. ಅರ್ಜಿ ಹಾಕುವವರು ಖಾಯಂ ಹುದ್ದೆಯಲ್ಲಿರಬೇಕು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ, ಪದವಿ ಕಾಲೇಜುಗಳಲ್ಲಿ ಖಾಯಂ ಹುದ್ದೆಗಳು ಎಷ್ಟು ಖಾಲಿ ಇವೆ, ಎಷ್ಟು ಸಾವಿರ ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದಾರೆ ಎಂದು ನಿಮಗೆ ಗೊತ್ತೇ ಇದೆ. ನಮ್ಮನ್ನು ಪ್ರತಿ ವರ್ಷ ಹೊಸದಾಗಿ ನೇಮಿಸುತ್ತಾರೆ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರು ಮೂರು ವರ್ಷದ ಯೋಜನೆ ಬರೆಯುವುದು ಹೇಗೆ?

ಪಿಎಚ್.ಡಿ. ಹಂತದಲ್ಲೂ ಇದೇ ಪಾಡು. ಜೆಆರ್‌ಎಫ್ ಇದ್ದರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದಿಲ್ಲದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ 8,000. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಜನರಿಗೆ ಅದೂ ಇಲ್ಲ. ಜೊತೆಗೆ ಫೆಲೋಶಿಪ್ ಹಣ ಆರು ತಿಂಗಳು ತಡವಾದರೆ ರೂಮಿನ ಬಾಡಿಗೆಗೆ ಸಾಲ ಮಾಡಬೇಕು. ಹೊಟ್ಟೆಪಾಡಿನ ಚಿಂತೆಯಲ್ಲಿರುವವರು ಸುರಕ್ಷಿತ ವಿಷಯವನ್ನೇ ಆರಿಸುತ್ತಾರೆ. ಅದರಲ್ಲಿ ತಪ್ಪೇನಿದೆ?

2025ರ ಜುಲೈನಲ್ಲಿ ಕೇಂದ್ರ ಸಂಪುಟ ಸಂಶೋಧನೆ ಮತ್ತು ನಾವೀನ್ಯಕ್ಕಾಗಿ 1 ಲಕ್ಷ ಕೋಟಿ ರೂಪಾಯಿಯ ನಿಧಿಗೆ ಒಪ್ಪಿಗೆ ಕೊಟ್ಟಿತು. ಕೇಳಿ ಖುಷಿಯಾಯಿತು. ಆದರೆ ಅದು ಮುಖ್ಯವಾಗಿ ಖಾಸಗಿ ವಲಯಕ್ಕೆ, ಆಗಲೇ ಒಂದು ಹಂತ ದಾಟಿದ ತಂತ್ರಜ್ಞಾನಕ್ಕೆ ಕೊಡುವ ದೀರ್ಘಾವಧಿಯ ಹಣ. ಕಾಯಿ ಕಟ್ಟಿದ ಗಿಡಕ್ಕೆ ಗೊಬ್ಬರ ಸಿಕ್ಕಿತು, ಬೀಜ ಬಿತ್ತುವವರಿಗೆ ಸಿಕ್ಕಿದ್ದು ಕಡಿಮೆ. ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುತ್ತಿದ್ದುದು 2020–21ರ ಲೆಕ್ಕದಂತೆ ಜಿಡಿಪಿಯ ಶೇ 0.64 ಮಾತ್ರ. ಅದರಲ್ಲಿ ಹೊಸಬರ ಅಪಾಯಕಾರಿ ಪ್ರಶ್ನೆಗಳಿಗೆ ಎಷ್ಟು ಉಳಿಯುತ್ತದೆ ಎಂದು ನೀವೇ ಊಹಿಸಿ.

<b>ಜನರ ದುಡ್ಡು ಹಾಳು ಮಾಡಬೇಕೇ?</b>

ಈ ಮಾತು ಹೇಳಿದಾಗ ಸಹೋದ್ಯೋಗಿಯೊಬ್ಬರು ಕೇಳಿದರು, ‘ಶಾಲೆಗೆ ಶೌಚಾಲಯ ಇಲ್ಲ. ನಿಮ್ಮ ಅಂದಾಜಿನ ಪ್ರಯೋಗಕ್ಕೆ ಜನರ ತೆರಿಗೆ ದುಡ್ಡು ಯಾಕೆ ಕೊಡಬೇಕು?’ ಇದು ನಿಜವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡದೆ ಅನುದಾನ ಕೇಳುವ ಹಕ್ಕು ನಮಗಿಲ್ಲ.

ನನ್ನ ಉತ್ತರ ಮತ್ತೆ ಬೋರಿನದ್ದೇ. ಅಪಾಯದ ಹೆಸರಿನಲ್ಲಿ ಸಿಕ್ಕಸಿಕ್ಕವರಿಗೆ 60 ಲಕ್ಷ ಕೊಡಿ ಎಂದು ನಾನು ಹೇಳುತ್ತಿಲ್ಲ. ಅಪ್ಪನೂ ಕಣ್ಣುಮುಚ್ಚಿ ಕೊರೆಸಲಿಲ್ಲ. ಮೀಟರ್ ಇಡಿಸಿದರು, ಸುತ್ತಲಿನವರನ್ನು ಕೇಳಿದರು. ಹಾಗೇ ಮೊದಲು ಎರಡು ಮೂರು ಲಕ್ಷದ ಸಣ್ಣ ಅನುದಾನ ಕೊಟ್ಟು ಒಂದು ವರ್ಷ ನೋಡಿ. ಸುಳಿವು ಸಿಕ್ಕರೆ ಮುಂದಿನ ಹಣ ಕೊಡಿ. ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಹತ್ತರಲ್ಲಿ ಏಳು ಫೇಲಾದರೂ ನಷ್ಟ ಸಣ್ಣದು.

ಇನ್ನೊಂದು ಮಾತು. ನಮ್ಮೂರಿನಲ್ಲಿ ಒಂದೇ ಸಾಲಿನ ಹೊಲಗಳಲ್ಲಿ ಏಳು ಫೇಲ್ ಬೋರುಗಳಿವೆ. ಎಷ್ಟು ಅಡಿಗೆ ಯಾವ ಕಲ್ಲು ಸಿಕ್ಕಿತು, ಎಲ್ಲಿ ನಿಲ್ಲಿಸಿದರು ಎಂದು ಯಾರೂ ಬರೆದಿಡಲಿಲ್ಲ. ಹಾಗಾಗಿ ಪಕ್ಕದ ಹೊಲದವರು ಮತ್ತೆ ಅಲ್ಲೇ ಕೊರೆಸಿ ಮತ್ತೆ ಸಾಲಗಾರರಾದರು. ಬೋರು ಫೇಲಾದದ್ದಷ್ಟೇ ನಷ್ಟವಲ್ಲ, ಅದರಿಂದ ಗೊತ್ತಾದದ್ದು ಮುಚ್ಚಿಹೋದದ್ದೂ ನಷ್ಟ. ಸಂಶೋಧನೆಯಲ್ಲೂ ಹೀಗೇ ಆಗುತ್ತಿದೆ. ಸೋತ ಪ್ರಯೋಗವನ್ನು ಯಾರೂ ಪ್ರಕಟಿಸುವುದಿಲ್ಲ, ಯಾಕೆಂದರೆ ಅದಕ್ಕೆ ಅಂಕವಿಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಇನ್ನೊಬ್ಬರು ಅದನ್ನೇ ಮಾಡಿ ಮತ್ತೆ ಸೋಲುತ್ತಾರೆ. ಜನರ ದುಡ್ಡು ಹಾಳಾಗುವುದು ಅಲ್ಲಿ.

ಮತ್ತೆ, ಅಪಾಯದ ಕೆಲಸ ಈಗಲೂ ನಡೆಯುತ್ತಿದೆ. ಯಾರಿಂದ? ಎರಡು ವರ್ಷ ಸಂಬಳವಿಲ್ಲದಿದ್ದರೂ ಮನೆ ನಡೆಯುವವರಿಂದ. ಅನುದಾನ ಇಲ್ಲದಿದ್ದರೆ ಧೈರ್ಯವೂ ಶ್ರೀಮಂತರ ಸ್ವತ್ತಾಗುತ್ತದೆ. ‘ಮದುವೆ ಯಾವಾಗ?’ ಎಂಬ ಪ್ರಶ್ನೆಯ ಜೊತೆಗೇ ಓದುತ್ತಿರುವ ಹಳ್ಳಿಯ ಹುಡುಗಿಗೆ ಒಂದು ವರ್ಷ ವ್ಯರ್ಥವಾದರೆ ಮತ್ತೊಂದು ಅವಕಾಶ ಸಿಗುವುದು ಕಷ್ಟ. ನಗರದಲ್ಲಿ ಬೆಳೆದವರಿಗೆ ನಮ್ಮ ಕೆರೆಗಳ ಬಗ್ಗೆ ಪ್ರಶ್ನೆ ಹುಟ್ಟುವುದು ಕಡಿಮೆ. ಪ್ರಶ್ನೆ ಹುಟ್ಟುವ ನಮಗೆ ಅದರ ಬೆನ್ನು ಹತ್ತಲು ಆಗುವುದಿಲ್ಲ. ಕೊನೆಗೆ ಆ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ.

<b>ಏನು ಮಾಡಬಹುದು?</b>

ದೊಡ್ಡ ಕ್ರಾಂತಿಯೇನೂ ಬೇಡ. ನಾಲ್ಕು ಕೆಲಸ ಸಾಕು.

ಒಂದು, ರಾಜ್ಯ ಸರ್ಕಾರ ಹೊಸ ಸಂಶೋಧಕರಿಗಾಗಿ ಸಣ್ಣ ‘ಪ್ರಯತ್ನ ಅನುದಾನ’ ಆರಂಭಿಸಲಿ. ಅದಕ್ಕೆ ಖಾಯಂ ಹುದ್ದೆಯ ಷರತ್ತು ಬೇಡ. ಅತಿಥಿ ಉಪನ್ಯಾಸಕರು, ಪಿಎಚ್.ಡಿ. ಮುಗಿಸಿ ಕೆಲಸ ಹುಡುಕುತ್ತಿರುವವರು ಒಂದು ಕಾಲೇಜಿನ ಮೂಲಕ ಅರ್ಜಿ ಹಾಕುವಂತಿರಲಿ. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಕಲೆಯ ಕ್ಷೇತ್ರದಲ್ಲಿ ವ್ಯಕ್ತಿಗಳಿಗೇ ಅನುದಾನ ಕೊಡುತ್ತ ಬಂದಿದೆ. ವಿಜ್ಞಾನದಲ್ಲಿ ಯಾಕಾಗದು?

ಎರಡು, ಎರಡು ವಿಷಯದ ಅರ್ಜಿಯನ್ನು ಎರಡೂ ವಿಷಯದವರು ಒಟ್ಟಿಗೆ ಕೂತು ನೋಡಲಿ. ಅರ್ಜಿದಾರರನ್ನೂ ಕೂರಿಸಿ ಅರ್ಧ ಗಂಟೆ ಮಾತಾಡಲಿ. ‘ವಿಷಯ: ಒಂದನ್ನು ಮಾತ್ರ ಆರಿಸಿ’ ಎಂಬ ಸಾಲು ಅಳಿಸಿಹೋಗಲಿ.

ಮೂರು, ಯೋಗ್ಯವಾದ ಅರ್ಜಿಗಳು ಹಣಕ್ಕಿಂತ ಹೆಚ್ಚಿದ್ದರೆ ಅವುಗಳ ನಡುವೆ ಚೀಟಿ ಎತ್ತಲಿ. ನಗಬೇಡಿ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಿಂದ ತನ್ನ ಎಕ್ಸ್‌ಪ್ಲೋರರ್ ಅನುದಾನವನ್ನು ಹೀಗೇ ಹಂಚುತ್ತಿದೆ. ಬ್ರಿಟಿಷ್ ಅಕಾಡೆಮಿ 2022ರಲ್ಲಿ ಸಣ್ಣ ಅನುದಾನಗಳಿಗೆ ಇದೇ ದಾರಿ ಹಿಡಿಯಿತು. ಮೊದಲು ಅರ್ಜಿ ಯೋಗ್ಯವೇ ಎಂದು ತಜ್ಞರು ನೋಡುತ್ತಾರೆ. ಆಮೇಲೆ ಚೀಟಿ. ಹೆಸರು, ಊರು, ಗೈಡ್ ಯಾರು ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ.

ನಾಲ್ಕು, ಸೋಲಿನ ವರದಿಗೂ ಬೆಲೆ ಇರಲಿ. ‘ಇಲ್ಲಿ ಕೊರೆದೆವು, ಇಷ್ಟು ಅಡಿ ಹೋದೆವು, ನೀರು ಸಿಗಲಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದು, ಮಾಹಿತಿಯನ್ನು ಎಲ್ಲರಿಗೂ ತೆರೆದಿಟ್ಟವರ ಅನುದಾನ ಯಶಸ್ವಿ ಎಂದೇ ಲೆಕ್ಕವಾಗಲಿ. ಮುಂದಿನ ಅರ್ಜಿಗೆ ಅದು ಅಡ್ಡಿಯಾಗದಿರಲಿ.

<b>ಅಲ್ಲಿಯವರೆಗೆ ನಾವು</b>

ಓದುತ್ತಿರುವ ಗೆಳೆಯರೇ, ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಇಂಜಿನಿಯರಿಂಗ್ ಅಂತಿಮ ವರ್ಷದಲ್ಲಿದ್ದರೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಅರ್ಜಿ ಹಾಕಿ. ಸಿಗುವುದು ಕೆಲವೇ ಸಾವಿರ ರೂಪಾಯಿ. ಆದರೆ ಒಂದು ಪ್ರಶ್ನೆಯನ್ನು ಪ್ರಸ್ತಾವವಾಗಿ ಬರೆಯುವುದು ಹೇಗೆಂದು ಅಲ್ಲಿ ಕಲಿಯಬಹುದು. ಬಿ.ಎ., ಬಿ.ಎಸ್ಸಿ.ಯವರು ಬೇರೆ ವಿಭಾಗದ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಹುಡುಕಿಕೊಳ್ಳಿ. ಲ್ಯಾಂಡ್‌ಸ್ಯಾಟ್ ಚಿತ್ರಗಳು 1972ರಿಂದ ಇವೆ, ಉಚಿತವಾಗಿ ಸಿಗುತ್ತವೆ. ಇಸ್ರೊದ ಭುವನ್ ಜಾಲತಾಣ ಇದೆ. ಒಂದು ಲ್ಯಾಪ್‌ಟಾಪ್, ಒಂದು ಬೈಕ್ ಇದ್ದರೆ ಮೊದಲ ಸುಳಿವು ಸಿಗುತ್ತದೆ. ಒಂದು ಎಚ್ಚರಿಕೆ: ಮನೆಯ ಜಮೀನಿನ ಮೇಲೆ ಸಾಲ ಮಾಡಿ ಸಂಶೋಧನೆ ಮಾಡಬೇಡಿ. ಸಮಾಜ ಹೊರಬೇಕಾದ ಅಪಾಯವನ್ನು ನಿಮ್ಮ ಅಪ್ಪನ ಹೆಗಲ ಮೇಲೆ ಹಾಕಬೇಡಿ.

ನಾನೂ ಹಾಗೇ ಶುರು ಮಾಡಿದ್ದೇನೆ. ನಮ್ಮ ಕಾಲೇಜಿನ ಇತಿಹಾಸದ ಅತಿಥಿ ಉಪನ್ಯಾಸಕಿಯೊಬ್ಬರಿಗೆ ಶಾಸನ ಓದಲು ಬರುತ್ತದೆ. ಭಾನುವಾರ ಇಬ್ಬರೂ ಸ್ಕೂಟಿಯಲ್ಲಿ ಹೊರಡುತ್ತೇವೆ. ಇದುವರೆಗೆ ಹನ್ನೊಂದು ಕೆರೆ ನೋಡಿದ್ದೇವೆ. ಮೂರು ಕಡೆ ಶಾಸನದ ಹೆಸರು ಈಗಿನ ಕೆರೆಗೆ ಹೊಂದುತ್ತಿದೆ ಅನ್ನಿಸುತ್ತದೆ. ಎರಡು ಖಂಡಿತ ಹೊಂದುವುದಿಲ್ಲ. ಉಳಿದ ಆರರ ಬಗ್ಗೆ ಇನ್ನೂ ಏನೂ ಹೇಳಲಾಗದು. ಹೊಂದದ ಎರಡನ್ನೂ ಯಾಕೆ ಹೊಂದುವುದಿಲ್ಲ ಎಂದು ಬರೆದಿಟ್ಟಿದ್ದೇವೆ. ಪೆಟ್ರೋಲಿನ ಲೆಕ್ಕವೂ ಅದೇ ಪುಸ್ತಕದಲ್ಲಿದೆ. ಬೋರುಗಳ ಲೆಕ್ಕ ಶುರುವಾಗಿಲ್ಲ. ಅದಕ್ಕೆ ಜನ ಬೇಕು, ಉಪಕರಣ ಬೇಕು, ಇನ್ನೂ ಹಲವು ಭಾನುವಾರಗಳು ಬೇಕು.

ಕಳೆದ ವಾರ ಮನೆಗೆ ಬಂದಾಗ ಅಪ್ಪ ಆ ನೋಟ್‌ಬುಕ್ ತಿರುವಿ ಹಾಕಿ, ‘ನಮ್ಮ ಮೂರು ಬೋರು ಇದ್ರಲ್ಲಿ ಬರ್ಕೊಂಡಿಲ್ವಲ್ಲ’ ಎಂದರು. ಅವರೇ ತೋಟಕ್ಕೆ ಕರೆದುಕೊಂಡು ಹೋಗಿ ಜಾಗ ತೋರಿಸಿದರು. ಎಷ್ಟು ಅಡಿ, ಯಾವ ಅಡಿಯಲ್ಲಿ ಕಲ್ಲಿನ ಬಣ್ಣ ಬದಲಾಯಿತು, ಎಲ್ಲ ಅವರಿಗೆ ಎಂಟು ವರ್ಷದ ಮೇಲೂ ನೆನಪಿತ್ತು. ಅಂದು ಲಾರಿಯ ಕಡೆ ನೋಡುತ್ತಾ ಹೇಳಿದ ಮಾತನ್ನು ಅವರು ನಿಜವಾಗಿಯೂ ನಂಬಿದ್ದರು. ಹೊಸ ಅನುದಾನಗಳ ನಿಯಮ ಬರೆಯುವವರು ಒಮ್ಮೆ ನಮ್ಮ ಕಡೆ ಬಂದು, ಫೇಲಾದ ಬೋರಿನ ಪಕ್ಕ ನಿಂತು ಇಂಥ ರೈತರ ಜೊತೆ ಮಾತಾಡಲಿ ಎಂದು ಕೇಳಿಕೊಳ್ಳುತ್ತೇನೆ.